ಕ್ಯೂಆರ್ ಸಂಕೇತವೂ ಗಿರಾಕಿಯ ಪತ್ರವೂ

ಮನೆಯಲ್ಲಿದ್ದುಕೊಂಡೇ ಸಣ್ಣದೊಂದು ವ್ಯಾಪಾರವನ್ನು ನಡಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಖ್ಯೆಯು ವರುಷದಿಂದ ವರುಷಕ್ಕೆ ಹೆಚ್ಚುತ್ತಾ ಬಂದಿರುವದು. ಒಬ್ಬರು ಹೊಲಿಗೆಯಿಂದಲೂ, ಒಬ್ಬರು ಕೇಕು ಬಿಸ್ಕತ್ತುಗಳಿಂದಲೂ, ಮತ್ತೊಬ್ಬರು ಹಪ್ಪಳ ಉಪ್ಪಿನಕಾಯಿಗಳಿಂದಲೂ ಸಂಸಾರಕ್ಕೆ ಕೈಲಾದ ಸಹಾಯವನ್ನು ಮಾಡುತ್ತಿರುವರು. ಇವರು ಶಾಲೆಗೆ ಬಂದಾಗ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುವದು: "ಟೀಚರ್, ಚೀಟಿಯ ಮೇಲೆ ಆ ಕಪ್ಪು ಬಿಳುಪಿನ ಚೌಕವನ್ನು ಹಾಕಿಸಿದರೆ ದೂರದ ಗಿರಾಕಿಗಳು ನಮಗೆ ನೆಟ್ಟಗೆ ಈಮೇಲ್ ಬರೆಯಬಹುದಂತೆ, ನಿಜವೇ?" ನಿಜವೆಂದೇ ನಾವು ಉತ್ತರ ಕೊಡುತ್ತಿದ್ದೆವು. ಆದರೆ ನಮ್ಮ ಕೈಯಿಂದಲೇ ನಡೆದ ಒಂದು ತಪ್ಪಿನ ದೆಸೆಯಿಂದ, ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಾರದೆಂದು ತಿಳುಕೊಂಡೆವು. ಆ ಸಂಗತಿಯನ್ನು ಅದರ ಸ್ಥಳ ಬಂದಾಗ ಹೇಳುವೆವು. ಮೊದಲು ಈ ಚೌಕವೆಂದರೇನು, ಅದರೊಳಗೆ ಏನಿರುವದು ಎಂಬದನ್ನು ನೋಡೋಣ.

ಕ್ಯೂಆರ್ ಎಂಬದು ಕ್ವಿಕ್ ರೆಸ್ಪಾನ್ಸ್, ಅಂದರೆ ಶೀಘ್ರ ಪ್ರತ್ಯುತ್ತರ, ಎಂಬ ಎರಡು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದ ಹೆಸರು. ಇದು ಹುಟ್ಟಿದ್ದು ಅಂಗಡಿಯಲ್ಲಿ ಅಲ್ಲ, ಕಾರ್ಖಾನೆಯಲ್ಲಿ. ಜಪಾನ್ ದೇಶದಲ್ಲಿ ಮೋಟಾರು ಬಂಡಿಗಳ ಭಾಗಗಳನ್ನು ತಯಾರಿಸುವ ಡೆನ್ಸೋ ಎಂಬ ಕಂಪೆನಿಯಲ್ಲಿ ಮಸಾಹಿರೋ ಹಾರ ಎಂಬ ಇಂಜಿನಿಯರರೂ ಅವರ ಸಂಗಡಿಗರೂ 1994ರಲ್ಲಿ ಇದನ್ನು ಸಿದ್ಧಪಡಿಸಿದರು. ಅದಕ್ಕೆ ಮುಂಚೆ ಪೆಟ್ಟಿಗೆಗಳ ಮೇಲೆ ಗೆರೆಗೆರೆಯಾದ ಬಾರ್‌ಕೋಡನ್ನು ಅಂಟಿಸುತ್ತಿದ್ದರು. ಒಂದು ಬಾರ್‌ಕೋಡಿನಲ್ಲಿ ಸುಮಾರು 20 ಅಕ್ಷರಗಳಷ್ಟು ಮಾತ್ರ ಹಿಡಿಯುತ್ತಿದ್ದುದರಿಂದ ಒಂದೇ ಪೆಟ್ಟಿಗೆಗೆ ಹಲವು ಪಟ್ಟಿಗಳು ಬೇಕಾಗುತ್ತಿದ್ದವು, ಕೆಲಸಗಾರರು ಅವುಗಳನ್ನು ಒಂದೊಂದಾಗಿ ಓದಿಸಿ ಬೇಸರಗೊಳ್ಳುತ್ತಿದ್ದರು. ಗೆರೆಗಳಲ್ಲಿ ಅಡ್ಡಲಾಗಿ ಮಾತ್ರ ಬರೆಯಬಹುದು. ಚೌಕದಲ್ಲಿಯಾದರೋ ಅಡ್ಡಲಾಗಿಯೂ ಉದ್ದಲಾಗಿಯೂ ಬರೆಯಬಹುದು. ಕಪ್ಪು ಬಿಳಿ ಕಾಯಿಗಳಿಂದ ಆಡುವ ಗೋ ಎಂಬ ಮಣೆಯಾಟವು ಹಾರ ಅವರಿಗೆ ಈ ವಿಷಯದಲ್ಲಿ ಸೂಚನೆ ಕೊಟ್ಟಿತೆಂದು ಅವರೇ ಹೇಳಿರುವರು. ಕಂಪೆನಿಯವರು ಇದರ ಪೇಟೆಂಟನ್ನು ಪಡೆದಿದ್ದರೂ, ನಿಯಮಾನುಸಾರವಾಗಿ ಉಪಯೋಗಿಸುವವರಿಂದ ಹಣ ಕೇಳುವದಿಲ್ಲವೆಂದು ಪ್ರಕಟಿಸಿದರು. ಹಪ್ಪಳದ ಚೀಟಿಯ ಮೇಲೆ ಇದನ್ನು ಅಚ್ಚು ಹಾಕಿಸುವ ನಮ್ಮ ಸೋದರಿಯರು ಯಾರಿಗೂ ಒಂದು ಕಾಸನ್ನೂ ಕೊಡಬೇಕಾಗಿಲ್ಲದಿರುವದು ಆ ಔದಾರ್ಯದಿಂದಲೇ.

ನಮ್ಮ ದೇಶದವರಿಗೆ ಈ ಚೌಕದ ಪರಿಚಯವಾದದ್ದು ಹೆಚ್ಚಾಗಿ ಹಣದ ವ್ಯವಹಾರದಿಂದ. 2016ರಲ್ಲಿ ಯುಪಿಐ ಎಂಬ ಏರ್ಪಾಡು ಆರಂಭವಾದ ಬಳಿಕ ತರಕಾರಿ ಬುಟ್ಟಿಯವಳೂ ಎಳನೀರಿನವನೂ ಇದನ್ನು ತೂಗಹಾಕಿಕೊಂಡರು. ಆದಕಾರಣ ಕ್ಯೂಆರ್ ಎಂದರೆ ಹಣ ಕೊಡುವ ಗುರುತು ಎಂದು ಅನೇಕರು ಎಣಿಸುವರು. ಹಾಗಲ್ಲ. ಈ ಚೌಕವು ಒಂದು ಲಕೋಟೆಯಂತೆ. ಒಳಗೆ ಏನನ್ನು ಬರೆದಿಟ್ಟಿರುವೆವೋ ಅದನ್ನೇ ಫೋನಿಗೆ ಓದಿ ಹೇಳುವದು. ಹಣದ ವಿಳಾಸವಿದ್ದರೆ ಹಣದ ವಿಳಾಸ, ಈಮೇಲ್ ವಿಳಾಸವಿದ್ದರೆ ಈಮೇಲ್ ವಿಳಾಸ.

ಹೊಲಿಗೆ ತರಗತಿಯಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸಿ ಕ್ರಾಸ್ ಸ್ಟಿಚ್ ಹಾಕಿದವರಿಗೆ ಇದರ ರಚನೆಯು ಸುಲಭವಾಗಿ ತಿಳಿಯುವದು. ಚೌಕಳಿ ಕಾಗದದ ಮೇಲೆ ಕೆಲವು ಮನೆಗಳನ್ನು ಕಪ್ಪು ಮಾಡಿ, ಕೆಲವನ್ನು ಬಿಳಿದಾಗಿ ಬಿಡುವದು, ಇಷ್ಟೇ. ಅತಿ ಚಿಕ್ಕ ಸಂಕೇತದಲ್ಲಿ ಒಂದು ಬದಿಗೆ 21 ಮನೆಗಳಿರುವವು. ಅಲ್ಲಿಂದ ಒಂದೊಂದು ಮೆಟ್ಟಿಲಿಗೆ ನಾಲ್ಕು ನಾಲ್ಕು ಮನೆಗಳು ಹೆಚ್ಚುತ್ತಾ, 40ನೆಯ ಮೆಟ್ಟಿಲಿನಲ್ಲಿ ಬದಿಗೆ 177 ಮನೆಗಳಾಗುವವು. ಮೂರು ಮೂಲೆಗಳಲ್ಲಿ ಕಣ್ಣಿನ ಹಾಗೆ ತೋರುವ ಮೂರು ದೊಡ್ಡ ಚೌಕಗಳಿರುವವಷ್ಟೆ. ಅವು ಅಲಂಕಾರಕ್ಕಾಗಿ ಇಟ್ಟವುಗಳಲ್ಲ. ಯಾವ ಕಡೆಯಿಂದ ಗೆರೆ ಎಳೆದು ನೋಡಿದರೂ ಅವುಗಳಲ್ಲಿ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಎಂಬವು 1, 1, 3, 1, 1 ಎಂಬ ಪ್ರಮಾಣದಲ್ಲಿ ಬರುವವು. ಬೇರೆ ಅಚ್ಚಿನ ಕಾಗದಗಳಲ್ಲಿ ಅತಿ ವಿರಳವಾಗಿ ಕಾಣುವ ಪ್ರಮಾಣ ಯಾವದೆಂದು ಹುಡುಕಿ ಹುಡುಕಿ ಇದನ್ನು ಆರಿಸಿದರಂತೆ. ಆದುದರಿಂದಲೇ ಫೋನನ್ನು ತಲೆಕೆಳಗಾಗಿ ಹಿಡಿದರೂ ಸಂಕೇತವು ಎಲ್ಲಿದೆ, ಅದರ ಮೇಲು ಯಾವದು ಎಂಬದನ್ನು ಅದು ಥಟ್ಟನೆ ಕಂಡುಹಿಡಿಯುವದು. ಸಂಕೇತದ ಸುತ್ತಲೂ ನಾಲ್ಕು ಮನೆಗಳಷ್ಟು ಅಗಲಕ್ಕೆ ಏನೂ ಇಲ್ಲದ ಬಿಳಿ ಅಂಚು ಇರಬೇಕೆಂಬದು ನಿಯಮ. ಈ ಅಂಚಿನಲ್ಲಿ ಹೂವು ಬಳ್ಳಿಗಳನ್ನು ಬರೆದರೆ ನೋಡಲಿಕ್ಕೆ ಚಂದ, ಓದಲಿಕ್ಕೆ ಕಷ್ಟ. ಶಾಲೆಯ ಕೈಕೆಲಸದ ಮಾರಾಟಕ್ಕಾಗಿ ಹುಡುಗಿಯರು ಬಹಳ ಶ್ರಮದಿಂದ ಮಾಡಿದ ಒಂದು ಫಲಕವು ಈ ಕಾರಣದಿಂದಲೇ ಅರ್ಧಕ್ಕರ್ಧ ಫೋನುಗಳಿಗೆ ಮೂಕವಾಗಿ ಕುಳಿತಿತು. ಬಳ್ಳಿಗೆ ಬಿಳಿ ಕಾಗದ ಅಂಟಿಸಿದ ಮೇಲೆ ಮಾತಾಡಿತು.

ಈಮೇಲಿಗಾಗಿ ಮಾಡುವ ಸಂಕೇತದ ಒಳಗೆ ಏನಿರುವದೆಂದರೆ, ಮೊದಲು ಇಂಗ್ಲಿಷಿನಲ್ಲಿ 'ಮೇಲ್‌ಟೂ' ಎಂಬ ಪದ ಮತ್ತು ಎರಡು ಚುಕ್ಕೆ. ಅದರ ಹಿಂದೆಯೇ ವ್ಯಾಪಾರದ ಈಮೇಲ್ ವಿಳಾಸ. ಬೇಕಿದ್ದರೆ ಒಂದು ಪ್ರಶ್ನೆಯ ಗುರುತು ಹಾಕಿ ಪತ್ರದ ವಿಷಯ, ಪತ್ರದ ಒಕ್ಕಣೆ. ಈ ಬರವಣಿಗೆಯ ನಿಯಮವು 1998ರಲ್ಲಿ ಪ್ರಕಟವಾಗಿ 2010ರಲ್ಲಿ ತಿದ್ದಲ್ಪಟ್ಟಿತು. ಗಿರಾಕಿಯು ಫೋನಿನ ಕ್ಯಾಮರಾವನ್ನು ಹಿಡಿದು ತೋರಿದ ಸೂಚನೆಯನ್ನು ಮುಟ್ಟಿದೊಡನೆ, ವಿಳಾಸವೂ ವಿಷಯವೂ ಬರೆದ ಒಂದು ಹೊಸ ಪತ್ರವು ಅವನ ಮುಂದೆ ತೆರೆಯುವದು. ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಸಂಕೇತವು ಪತ್ರವನ್ನು ಕಳುಹಿಸುವದಿಲ್ಲ, ಸಿದ್ಧಪಡಿಸುವದು ಮಾತ್ರ. ಕಳುಹಿಸುವ ಗುಂಡಿಯನ್ನು ಒತ್ತುವವನು ಗಿರಾಕಿಯೇ. ಅವನು ವಿಷಯವನ್ನು ಅಳಿಸಬಹುದು, ಬದಲಾಯಿಸಬಹುದು, ಏನೂ ಕಳುಹಿಸದೆ ಮುಚ್ಚಿಬಿಡಬಹುದು. ಹಾಗಾದರೆ ಲಾಭವೇನು? ಈಮೇಲ್ ವಿಳಾಸವನ್ನು ನೋಡಿ ಬೆರಳಿನಿಂದ ಬರೆಯುವಾಗ ಒಂದನೆಯ ಅಂಕಿಗೂ ಇಂಗ್ಲಿಷಿನ ಎಲ್ ಅಕ್ಷರಕ್ಕೂ, ಸೊನ್ನೆಗೂ ಓ ಅಕ್ಷರಕ್ಕೂ, ನಡುವಿನ ಗೆರೆಗೂ ಅಡಿಯ ಗೆರೆಗೂ ಆಗುವ ಗೊಂದಲವು ತಪ್ಪುವದು. ಮತ್ತು ವ್ಯಾಪಾರ ಮಾಡುವವಳಿಗೆ ಒಂದು ಗುಟ್ಟಿನ ಅನುಕೂಲವಿರುವದು. ಭರಣಿಯ ಮೇಲಿನ ಸಂಕೇತದಲ್ಲಿ ಒಂದು ವಿಷಯ, ಬಿಲ್ಲಿನ ಮೇಲಿನದರಲ್ಲಿ ಇನ್ನೊಂದು, ಮಾರಾಟದ ಮಳಿಗೆಯದರಲ್ಲಿ ಮತ್ತೊಂದು ವಿಷಯವನ್ನು ಬರೆಯಿಸಿಟ್ಟರೆ, ಬಂದ ಪತ್ರವು ಎಲ್ಲಿಂದ ಹೊರಟಿತೆಂಬದು ತೆರೆಯುವ ಮೊದಲೇ ತಿಳಿಯುವದು. ಒಕ್ಕಣೆಯಲ್ಲಿ ಹೆಸರು, ಊರು, ಪಿನ್‌ಕೋಡ್, ಬೇಕಾದ ಸಾಮಾನು, ಎಷ್ಟು ಎಂದು ಐದು ಸಾಲುಗಳನ್ನು ಖಾಲಿ ಬಿಟ್ಟಿಟ್ಟರೆ, "ನಿಮ್ಮ ಪಿನ್‌ಕೋಡ್ ತಿಳಿಸಿರಿ" ಎಂದು ತಿರುಗಿ ಬರೆಯುವ ತೊಂದರೆಯೂ ತಪ್ಪುವದು.

ಕನ್ನಡದಲ್ಲಿ ವಿಷಯವನ್ನು ಬರೆಯಿಸಬಹುದೇ ಎಂದು ಕೇಳುವವರಿರುವರು. ಬರೆಯಿಸಬಹುದು, ಆದರೆ ಅದಕ್ಕೆ ಬೆಲೆಯುಂಟು. ಈ ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಪ್ರತಿಯೊಂದು ವರ್ಣಕ್ಕೂ, ಕೊಂಬು ದೀರ್ಘಗಳಂಥ ಪ್ರತಿಯೊಂದು ಗುರುತಿಗೂ ಒಂಬತ್ತು ಸ್ಥಾನಗಳು ಬೇಕು. 'ವಿಚಾರಣೆ' ಎಂಬ ಮಾತು ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಗುಡಿಸು, ದೀರ್ಘ, ಏತ್ವಗಳನ್ನು ಬೇರೆ ಎಣಿಸಿದರೆ ಏಳು. ಸಂಕೇತದೊಳಗೆ ಅದು 63 ಸ್ಥಾನಗಳನ್ನು ತಿನ್ನುವದು. ಲೆಕ್ಕ ಮಾಡಿ ನೋಡೋಣ. ವಿಳಾಸದಲ್ಲಿ 24 ಅಕ್ಷರಗಳಿದ್ದರೆ, ಮೊದಲಿನ 'ಮೇಲ್‌ಟೂ' ಮತ್ತು ಎರಡು ಚುಕ್ಕೆಗೆ 7, ವಿಷಯವೆಂದು ಸೂಚಿಸಲಿಕ್ಕೆ 9, ಒಟ್ಟಿಗೆ 40. ಇಂಗ್ಲಿಷಿನಲ್ಲಿ 'ಆರ್ಡರ್' ಎಂದು ಬರೆದರೆ 5 ಕೂಡಿ 45 ಆಗುವದು. ಸಾಧಾರಣವಾದ ತಿದ್ದುವ ಶಕ್ತಿಯನ್ನಿಟ್ಟರೆ ಬದಿಗೆ 33 ಮನೆಗಳ ಚೌಕ ಸಾಕು. ಕನ್ನಡದಲ್ಲಿ 'ವಿಚಾರಣೆ' ಎಂದು ಬರೆದರೆ 103 ಆಗುವದು. ಬದಿಗೆ 41 ಮನೆಗಳು ಬೇಕು. ಬಿಳಿ ಅಂಚು ಸಹಿತ ಎರಡು ಸೆಂಟಿಮೀಟರಿನ ಸ್ಥಳದಲ್ಲಿ ಮೊದಲನೆಯದರ ಒಂದೊಂದು ಮನೆಯು ಹೆಚ್ಚು ಕಡಿಮೆ ಅರ್ಧ ಮಿಲಿಮೀಟರು, ಎರಡನೆಯದರದು 0.4 ಮಿಲಿಮೀಟರು ಮಾತ್ರ. ಮನೆ ಚಿಕ್ಕದಾದಷ್ಟು ಮಸಿ ಹರಡಿ ಕೆಡುವ ಭಯ ಹೆಚ್ಚು. ಕನ್ನಡವನ್ನು ಬಿಡುವದು ನಮ್ಮ ಮನಸ್ಸಿಗೆ ಒಪ್ಪುವದಿಲ್ಲವಾದ್ದರಿಂದ, ಬಿಲ್ಲಿನ ಕಾಗದದಂತೆ ಸ್ಥಳ ಧಾರಾಳವಾಗಿರುವಲ್ಲಿ ಮೂರು ಸೆಂಟಿಮೀಟರಿನ ಸಂಕೇತವನ್ನು ಕನ್ನಡದಲ್ಲಿಯೂ, ಚಿಕ್ಕ ಭರಣಿಯ ಚೀಟಿಯಲ್ಲಿ ಇಂಗ್ಲಿಷಿನ ಒಂದೇ ಪದದಿಂದಲೂ ಮಾಡಿಸುತ್ತಿರುವೆವು. ಗಿರಾಕಿಯು ತನ್ನ ಪತ್ರವನ್ನು ಕನ್ನಡದಲ್ಲಿ ಎಷ್ಟು ಉದ್ದ ಬೇಕಾದರೂ ಬರೆಯಬಹುದು. ಅದು ಸಂಕೇತದೊಳಗೆ ಇರುವಂಥದಲ್ಲ. ಸಂಕೇತವನ್ನು ತಯಾರಿಸಿ ಕೊಡುವ ಕೆಲವು ಯಂತ್ರಸಾಧನಗಳು ಪದಗಳ ನಡುವಿನ ಖಾಲಿ ಸ್ಥಳವನ್ನು ಸರಿಯಾಗಿ ಬರೆಯದೆ ಕೂಡಿಸುವ ಗುರುತನ್ನು ಹಾಕಿಬಿಡುವದುಂಟು; ಆಗ ಪತ್ರದ ವಿಷಯವು ಲೆಕ್ಕದ ಪುಸ್ತಕದಂತೆ ಕಾಣುವದು. ಒಂದೇ ಪದವನ್ನು ಬರೆಯಿಸುವದರಿಂದ ಈ ಬಾಧೆಯೂ ಇಲ್ಲ.

ಮೇಲೆ ತಿದ್ದುವ ಶಕ್ತಿ ಎಂದೆವಷ್ಟೆ. ಈ ಪಾಠದಲ್ಲಿ ಮುಖ್ಯವಾದದ್ದು ಇದೇ. ಇರ್ವಿಂಗ್ ರೀಡ್, ಗುಸ್ತಾವ್ ಸಾಲಮನ್ ಎಂಬಿಬ್ಬರು ಅಮೇರಿಕದ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಒಂದು ಲೆಕ್ಕದ ಕ್ರಮದಿಂದ, ಸಂಕೇತದ ಒಂದು ಭಾಗವು ಅಳಿದುಹೋದರೂ ಉಳಿದ ಭಾಗದಿಂದ ಅದನ್ನು ತಿರುಗಿ ಕಂಡುಹಿಡಿಯಬಹುದು. ಈ ಶಕ್ತಿಗೆ ನಾಲ್ಕು ತರಗತಿಗಳುಂಟು: ನೂರಕ್ಕೆ ಸುಮಾರು 7, 15, 25, 30 ಪಾಲುಗಳು ಕೆಟ್ಟರೂ ಸರಿಪಡಿಸುವಂಥವು. ಶಕ್ತಿ ಹೆಚ್ಚಿದಷ್ಟು ಮನೆಗಳೂ ಹೆಚ್ಚಬೇಕಾಗುವವು. ಉಪ್ಪಿನಕಾಯಿ ಭರಣಿಯ ಚೀಟಿಗೆ ಎಣ್ಣೆ ತಾಗದೆ ಇರುವದುಂಟೇ? ಒದ್ದೆ ಕೈಯಿಂದ ಹಿಡಿದಾಗ ಅಂಚು ಸುಲಿಯದೆ ಇರುವದುಂಟೇ? ಅಂಥ ಚೀಟಿಗೆ 25ರ ತರಗತಿಯು ತಕ್ಕದ್ದು. ಬಿಲ್ಲಿಗೆ 15 ಸಾಕು. ಮೂಲೆಯ ಕಣ್ಣುಗಳು ಹರಿದುಹೋದರೆ ಮಾತ್ರ ಯಾವ ತರಗತಿಯಿದ್ದರೂ ಪ್ರಯೋಜನವಿಲ್ಲ. ಸಂಕೇತವೆಲ್ಲಿದೆಯೆಂಬದೇ ಫೋನಿಗೆ ತಿಳಿಯದು.

ಆದರೆ ಈ ತಿದ್ದುವ ಶಕ್ತಿಯು ತಿದ್ದುವದು ಯಾವದನ್ನು? ಎಣ್ಣೆಯ ಕಲೆಯನ್ನು, ಮಸಿಯ ಲೋಪವನ್ನು, ಹರಿದ ತುಂಡನ್ನು. ಬರೆದವರ ತಪ್ಪನ್ನಲ್ಲ. ಇಲ್ಲಿ ನಮ್ಮ ಸಂಗತಿಯನ್ನು ಹೇಳಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಗಂಡನನ್ನು ಕಳಕೊಂಡ ಬಳಿಕ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳನ್ನು ಮಾಡಿ ಮಾರುತ್ತಾ ಇಬ್ಬರು ಮಕ್ಕಳನ್ನು ಓದಿಸುತ್ತಿರುವರು. ಅವರ ಸಾಮಾನು ಬಹಳ ಒಳ್ಳೇದು. ಇದನ್ನು ತಿಂದವರಾಗಿ ಹೇಳುತ್ತೇವೆ. ದೂರದ ಊರುಗಳಿಂದ ಆರ್ಡರುಗಳು ಬರಲೆಂದು ಹೊಸ ಚೀಟಿಯನ್ನು ಮಾಡಿಸಬೇಕೆಂದಾಗ ಸಂಕೇತವನ್ನು ನಾವೇ ತಯಾರಿಸಿ ಕೊಟ್ಟೆವು. ಒಂದು ಸಾವಿರ ಚೀಟಿಗಳು ಅಚ್ಚಾಗಿ ಬಂದವು. ನಾವು ಫೋನನ್ನು ಹಿಡಿದೆವು, ಪತ್ರವು ತೆರೆಯಿತು, "ಆಯಿತು, ಸರಿಯಾಗಿದೆ" ಎಂದು ಹೇಳಿ ಸಂತೋಷಪಟ್ಟೆವು. ಮೂರು ತಿಂಗಳಲ್ಲಿ ಸುಮಾರು 400 ಭರಣಿಗಳು ಹೋದವು. ಒಂದು ಪತ್ರವೂ ಬರಲಿಲ್ಲ. ಜನರಿಗೆ ಈಮೇಲ್ ಬರೆಯುವ ರೂಢಿ ತಪ್ಪಿಹೋಗಿರಬೇಕೆಂದು ಅವರೂ ನಾವೂ ಸಮಾಧಾನ ಹೇಳಿಕೊಂಡೆವು. ಒಂದು ಸಾಯಂಕಾಲ ಬೆಂಗಳೂರಿನಿಂದ ಒಬ್ಬ ಗೃಹಿಣಿಯು ಫೋನು ಮಾಡಿ, "ಎರಡು ಸಾರಿ ಬರೆದೆವು, ಇಪ್ಪತ್ತು ಭರಣಿ ಬೇಕಾಗಿತ್ತು, ಉತ್ತರ ಕೊಡುವಷ್ಟೂ ಪುರಸೊತ್ತಿಲ್ಲವೇನಮ್ಮಾ ನಿಮಗೆ?" ಎಂದು ಕೇಳಿದರಂತೆ. ಆಗ ಚೀಟಿಯನ್ನು ತೆಗೆದು ಅಕ್ಷರ ಅಕ್ಷರವಾಗಿ ನೋಡಿದೆವು. ವಿಳಾಸದಲ್ಲಿ ಎರಡು ಸಾರಿ ಬರಬೇಕಾದ ಒಂದು ಅಕ್ಷರವನ್ನು ನಾವು ಒಂದೇ ಸಾರಿ ಬರೆದಿದ್ದೆವು.

ಇಲ್ಲದ ವಿಳಾಸಕ್ಕೆ ಬರೆದಿದ್ದರೆ ಪತ್ರವು ತಿರುಗಿ ಬಂದು ಬರೆದವರಿಗೆ ತಿಳಿಯುತ್ತಿತ್ತು. ದುರ್ದೈವದಿಂದ ಆ ತಪ್ಪು ವಿಳಾಸವು ಬೇರೆ ಯಾರದೋ ಪೆಟ್ಟಿಗೆಯಾಗಿತ್ತು. ಎಷ್ಟು ಪತ್ರಗಳು ಅಲ್ಲಿ ಹೋಗಿ ಬಿದ್ದವೋ ನಮಗೆ ತಿಳಿಯುವ ಮಾರ್ಗವಿಲ್ಲ. ಸಂಕೇತವು ಮಾತ್ರ ತನ್ನ ಕೆಲಸವನ್ನು ಸ್ವಲ್ಪವೂ ಲೋಪವಿಲ್ಲದೆ ಮಾಡಿತ್ತು: ನಾವು ಕೊಟ್ಟ ತಪ್ಪನ್ನು ಎಣ್ಣೆ ಕಲೆಯಿಂದ ಕಾಪಾಡಿ, ನಾನೂರು ಮನೆಗಳಿಗೆ ತಪ್ಪದೆ ಮುಟ್ಟಿಸಿತ್ತು. ಅಷ್ಟಕ್ಕೆ ಆ ಸೋದರಿಯು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ನಾವು ಮಾಡಿದ ತಪ್ಪುಗಳು ಎರಡು. ಪತ್ರವು ತೆರೆಯಿತೆಂದು ನೋಡಿದೆವೇ ಹೊರತು, ಕಳುಹಿಸಿ, ಅದು ಅವರ ಪೆಟ್ಟಿಗೆಗೆ ಬಂದು ಮುಟ್ಟಿತೇ ಎಂದು ನೋಡಲಿಲ್ಲ. ಇದು ಮೊದಲನೆಯದು. ಚೀಟಿಯಲ್ಲಿ ಸ್ಥಳ ಉಳಿಯಲೆಂದು ವಿಳಾಸವನ್ನು ಅಕ್ಷರಗಳಲ್ಲಿ ಅಚ್ಚು ಹಾಕಿಸದೆ ಬಿಟ್ಟದ್ದು ಎರಡನೆಯದು. ಹಾಕಿಸಿದ್ದರೆ ಅದಕ್ಕೂ ಇದಕ್ಕೂ ವ್ಯತ್ಯಾಸವಿದೆಯೆಂದು ಯಾರಾದರೂ ಕಂಡುಹಿಡಿಯುತ್ತಿದ್ದರು. ಅಲ್ಲದೆ ಎಲ್ಲರ ಫೋನಿನಲ್ಲಿಯೂ ಈಮೇಲ್ ಸಿದ್ಧವಾಗಿರುವದಿಲ್ಲ. ಕೆಲವರು ಅದನ್ನು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ನೋಡುವರು. ಅವರಿಗೆ ಸಂಕೇತವು ಬಾಗಿಲೇ ತೆರೆಯದು, ಅಕ್ಷರಗಳಿದ್ದರೆ ಬರಕೊಂಡಾದರೂ ಹೋಗುವರು. ಈಗ ನಾವು ಇಟ್ಟುಕೊಂಡಿರುವ ಕ್ರಮವೇನಂದರೆ, ಅಚ್ಚಿಗೆ ಕೊಡುವ ಮೊದಲು ಒಂದೇ ಒಂದು ಚೀಟಿಯನ್ನು ಸರಿಯಾದ ಅಳತೆಯಲ್ಲಿ ಅಚ್ಚು ಮಾಡಿ, ಭರಣಿಗೆ ಅಂಟಿಸಿ, ಬೇರೆ ಬೇರೆ ತಯಾರಿಕೆಯ ಮೂರು ಫೋನುಗಳಿಂದ, ಅವುಗಳಲ್ಲಿ ಒಂದಾದರೂ ಹಳೆಯದಾಗಿರುವಂತೆ ನೋಡಿಕೊಂಡು, ಪತ್ರವನ್ನು ನಿಜವಾಗಿ ಕಳುಹಿಸುವದು. ಪರೀಕ್ಷೆ ಮಾಡುವವರು ಸಂಕೇತವನ್ನು ತಯಾರಿಸಿದವರಾಗಿರಬಾರದು. ಚೀಟಿಯನ್ನು ಭರಣಿಗೆ ಅಂಟಿಸಿಯೇ ನೋಡಬೇಕು. ಯಾಕಂದರೆ ಉರುಟಾದ ಮೈಯ ಮೇಲೆ ಅಗಲವಾದ ಸಂಕೇತವು ಬಗ್ಗಿ, ಅದರ ಎರಡು ಬದಿಗಳು ಕಣ್ಣಿಗೆ ಮರೆಯಾಗುವವು.

ಉಳಿದ 600 ಚೀಟಿಗಳ ಮೇಲೆ ಸರಿಯಾದ ಸಂಕೇತವನ್ನು ಸಣ್ಣ ಕಾಗದದಲ್ಲಿ ಅಚ್ಚು ಮಾಡಿ ನಮ್ಮ ಕೈಯಿಂದಲೇ ಅಂಟಿಸಿ ಕೊಟ್ಟೆವು. ಅದರಲ್ಲಿಯೂ ಒಂದು ಪಾಠ ಸಿಕ್ಕಿತು. ಪಟ್ಟಣದ ಅಂಗಡಿಯವರೊಬ್ಬರು ಆ ಭರಣಿಗಳನ್ನು ತಿರುಗಿ ತಿರುಗಿ ನೋಡಿ, "ಸಂಕೇತದ ಮೇಲೆ ಸಂಕೇತ ಅಂಟಿಸಿದ್ದನ್ನು ನಾವು ಇಡುವದಿಲ್ಲ" ಎಂದು ಹಿಂದಕ್ಕೆ ಕಳುಹಿಸಿದರು. ಅವರ ಮಾತು ನ್ಯಾಯವಾದದ್ದೇ. ಅಂಗಡಿಯ ಹಣದ ಸಂಕೇತದ ಮೇಲೆ ರಾತ್ರಿಯ ಹೊತ್ತು ತಮ್ಮ ಸಂಕೇತವನ್ನು ಅಂಟಿಸಿ ಹಣ ದೋಚುವ ಮೋಸಗಾರರು ನಮ್ಮ ದೇಶದಲ್ಲಿ ಇರುವರಷ್ಟೆ. ಈಮೇಲಿನಲ್ಲಿಯೂ ಅದೇ ಉಪಾಯವು ನಡೆಯಬಹುದು: ಪತ್ರವು ಮೋಸಗಾರನಿಗೆ ಹೋಗುವದು, ಅವನು ವ್ಯಾಪಾರಸ್ಥನ ಹೆಸರಿನಿಂದ ಉತ್ತರ ಬರೆದು ಮುಂಗಡ ಹಣ ಕೇಳುವನು. ಆದುದರಿಂದ ಸಂಕೇತದಿಂದ ಪತ್ರ ಬರೆಯುವ ತಾಯಂದಿರೂ ತಂದೆಗಳೂ ಕಳುಹಿಸುವ ಮೊದಲು ಮೇಲ್ಗಡೆಯ ವಿಳಾಸವನ್ನು ಒಮ್ಮೆ ಓದಿ, ಚೀಟಿಯಲ್ಲಿ ಅಚ್ಚಾದ ವಿಳಾಸಕ್ಕೆ ಹೋಲಿಸಿ ನೋಡಬೇಕೆಂದು ಬೇಡಿಕೊಳ್ಳುತ್ತೇವೆ. ವಿಳಾಸವನ್ನು ಅಕ್ಷರಗಳಲ್ಲಿ ಹಾಕಿಸಲಿಕ್ಕೆ ಇದು ಇನ್ನೊಂದು ಕಾರಣ.

ತಪ್ಪನ್ನು ಆಮೇಲೆ ತಿದ್ದಬಹುದಾದ ಸಂಕೇತಗಳೂ ಉಂಟೆಂದು ಕೆಲವರು ನಮಗೆ ಹೇಳಿದರು. ಉಂಟು. ಅವುಗಳೊಳಗೆ ನಮ್ಮ ವಿಳಾಸವಿರದೆ, ಸಂಕೇತ ಒದಗಿಸುವ ಕಂಪೆನಿಯ ಒಂದು ವಿಳಾಸವಿರುವದು. ಫೋನು ಅಲ್ಲಿಗೆ ಹೋಗಿ, ಅಲ್ಲಿಂದ ನಮ್ಮ ಕಡೆಗೆ ಬರುವದು. ಅಲ್ಲಿಂದ ಮುಂದೆ ಹೋಗಬೇಕಾದ ವಿಳಾಸವನ್ನು ಬೇಕಾದಾಗ ಬದಲಾಯಿಸಬಹುದು, ಎಷ್ಟು ಮಂದಿ ನೋಡಿದರೆಂದು ಲೆಕ್ಕವೂ ಸಿಕ್ಕುವದು. ಆದರೆ ಸಾಮಾನ್ಯವಾಗಿ ಅದಕ್ಕೆ ಚಂದಾ ಕಟ್ಟಬೇಕು. ಚಂದಾ ನಿಂತರೆ, ಅಥವಾ ಕಂಪೆನಿಯೇ ಮುಚ್ಚಿದರೆ, ಜನರ ಮನೆಗಳಲ್ಲಿರುವ ಎಲ್ಲ ಚೀಟಿಗಳೂ ಒಂದೇ ದಿನ ಸಾಯುವವು. ವಿಳಾಸವನ್ನೇ ಒಳಗೊಂಡ ಸಂಕೇತಕ್ಕೆ ಚಂದಾ ಇಲ್ಲ, ಅವಧಿಯಿಲ್ಲ. ವಿಳಾಸವಿರುವ ತನಕ ಅದೂ ಇರುವದು. ದೊಡ್ಡ ವ್ಯಾಪಾರಸ್ಥರು ಹೇಗಾದರೂ ಮಾಡಿಕೊಳ್ಳಲಿ. ಮನೆಯಲ್ಲಿ ಕುಳಿತು ವ್ಯಾಪಾರ ಮಾಡುವವರಿಗೆ ಈ ಎರಡನೆಯದೇ ಲೇಸೆಂದು ನಮ್ಮ ಅಭಿಪ್ರಾಯ. ಹಾಗಾದರೆ ವಿಳಾಸವು ಬಾಳುವಂಥದಾಗಿರಬೇಕು. ಮಗನ ಕಾಲೇಜಿನ ವಿಳಾಸವನ್ನೋ, ಈ ವರುಷ ಕೆಲಸಕ್ಕಿದ್ದು ಬರುವ ವರುಷ ಹೋಗಿಬಿಡುವ ಹುಡುಗಿಯ ವಿಳಾಸವನ್ನೋ ಅಚ್ಚು ಹಾಕಿಸಬಾರದು. ವ್ಯಾಪಾರದ ಹೆಸರಿನಲ್ಲಿಯೇ ಒಂದನ್ನು ಮಾಡಿಕೊಳ್ಳಬೇಕು.

ಎಲ್ಲದಕ್ಕೂ ಈಮೇಲ್ ಬೇಕೇ ಎಂದು ಕೇಳಿದರೆ, ಬೇಡ. ಅಂಗಡಿ ಇಂದು ತೆರೆದಿದೆಯೋ ಎಂದು ವಿಚಾರಿಸಲಿಕ್ಕೆ ಫೋನು ಸಾಕು. ಅಳತೆ, ತಾರೀಕು, ವಿಳಾಸ, ಬೆಲೆ ಇವುಗಳನ್ನು ಇಬ್ಬರೂ ಬರಹದಲ್ಲಿ ಇಟ್ಟುಕೊಳ್ಳಬೇಕಾದಲ್ಲಿ, ಮದುವೆಯ ಆರ್ಡರಿನಂಥ ಆರು ತಿಂಗಳ ಮುಂಚಿನ ಮಾತಿನಲ್ಲಿ, ಈಮೇಲಿಗೆ ಸಮವಾದದ್ದು ಕಡಿಮೆ. ಬಂದ ಪತ್ರಕ್ಕೆ ಎರಡು ದಿವಸಗಳೊಳಗೆ ಉತ್ತರ ಕೊಡಲಾರದವರು ಸಂಕೇತವನ್ನು ಹಾಕಿಸದೆ ಇರುವದೇ ಒಳ್ಳೇದು.

ಆ ಸೋದರಿಯ ಹೊಸ ಚೀಟಿಯಲ್ಲಿ ಸಂಕೇತವು 25ರ ತರಗತಿಯದು, ಅದರ ಕೆಳಗೆ ವಿಳಾಸವು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದೇ ಸಂಕೇತವನ್ನು ಮ್ಯಾಟಿ ಬಟ್ಟೆಯ ಮೇಲೆ ಕಪ್ಪು ನೂಲಿನಿಂದ ಹಾಕಿ, ಅವರ ಅಡುಗೆಮನೆಯ ಬಾಗಿಲಿಗೆ ತೂಗಹಾಕಲಿಕ್ಕೆ ಕೊಟ್ಟಿರುವಳು. ಫೋನು ಅದನ್ನೂ ಓದುವದು. ನಾವು ಪತ್ರವನ್ನು ಕಳುಹಿಸಿಯೇ ನೋಡಿದೆವು. ಬೆಂಗಳೂರಿನ ಆ ಗೃಹಿಣಿಗೆ ಇಪ್ಪತ್ತು ಭರಣಿಗಳು ಕ್ರಿಸ್ಮಸಿಗೆ ಮುಂಚೆ ಹೋಗಿ ಮುಟ್ಟಿದವು.